ಹಳ್ಳಿಯಲ್ಲಿ ಮನೆ ಕೊಳ್ಳಲು ಸಾಲ: ಮೊದಲು ದಾಖಲೆ, ಆಮೇಲೆ ಮುಂಗಡ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಅಣ್ಣತಮ್ಮಂದಿರು ಭಾಗವಾದಾಗ, ಹಳೆಯ ಮಣ್ಣಿನ ಗೋಡೆ ಮಳೆಗೆ ಕುಸಿದಾಗ ಊರಿನಲ್ಲೇ ಒಂದು ಮನೆಯನ್ನೋ ನಿವೇಶನವನ್ನೋ ಕೊಳ್ಳುವ ಪ್ರಸಂಗ ಬರುತ್ತದೆ. ಆಗ ಅನೇಕರು ಮೊದಲು ಮಾತುಕತೆ ಮುಗಿಸಿ, ಮುಂಗಡ ಕೊಟ್ಟು, ಕೊನೆಗೆ ಬ್ಯಾಂಕಿಗೆ ಹೋಗುತ್ತಾರೆ. ದಾಖಲೆ ಸರಿಯಿಲ್ಲವೆಂದು ಬ್ಯಾಂಕಿನವರು ಸಾಲ ನಿರಾಕರಿಸಿದರೆ ಮನೆಯೂ ಇಲ್ಲ, ಬೆಳೆ ಮಾರಿ ಕೂಡಿಟ್ಟ ಮುಂಗಡದ ಹಣವೂ ಸಿಕ್ಕಿಬೀಳುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳುವುದೇ ಕ್ಷೇಮ.

ಸರ್ಕಾರದ ನೆರವು ಯಾವ ಬಗೆಯದು?

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಮನೆಯಿಲ್ಲದವರಿಗೆ ಮತ್ತು ಕಚ್ಚಾ ಮನೆಯಲ್ಲಿರುವವರಿಗಾಗಿ ಇದೆ. ಬಯಲುಸೀಮೆಯಲ್ಲಿ 1.20 ಲಕ್ಷ ರೂಪಾಯಿ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಗಳಲ್ಲಿ 1.30 ಲಕ್ಷ ರೂಪಾಯಿ ಸಹಾಯಧನ ಸಿಗುತ್ತದೆ. ಇಚ್ಛೆಯುಳ್ಳ ಫಲಾನುಭವಿಗಳು ಇದರ ಜೊತೆಗೆ 70,000 ರೂಪಾಯಿವರೆಗೆ ಸಾಲವನ್ನು ಶೇಕಡ 3ರಷ್ಟು ಕಡಿಮೆ ಬಡ್ಡಿಯಲ್ಲಿ ಪಡೆಯಲು ಯೋಜನೆಯಲ್ಲಿ ಅವಕಾಶವಿದೆ. ಆದರೆ ಇದು ಮನೆ ಕಟ್ಟಿಕೊಳ್ಳುವವರಿಗೆ, ಕಟ್ಟಿದ ಮನೆಯನ್ನು ಕೊಳ್ಳುವವರಿಗಲ್ಲ.

ಕೊಳ್ಳುವವರಿಗೆ ಬ್ಯಾಂಕಿನ ಗೃಹ ಸಾಲವೇ ದಾರಿ. ಇಲ್ಲಿ ಬೆಂಬಲ ಪರೋಕ್ಷವಾಗಿ ಬರುತ್ತದೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ 35 ಲಕ್ಷ ರೂಪಾಯಿವರೆಗಿನ ಗೃಹ ಸಾಲವನ್ನು ಆದ್ಯತಾ ವಲಯಕ್ಕೆ ಸೇರಿಸಲಾಗಿದೆ. ಮನೆಯ ಬೆಲೆ 44 ಲಕ್ಷ ಮೀರಿರಬಾರದು. ಹಳ್ಳಿಗಳೆಲ್ಲವೂ ಇದರಲ್ಲಿ ಬರುತ್ತವೆ. 1988ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವಸತಿ ಬ್ಯಾಂಕು, ಇಂಥ ಸಾಲ ಕೊಡುವ ಸಂಸ್ಥೆಗಳಿಗೆ ಮರುಹಣಕಾಸು ಒದಗಿಸುತ್ತದೆ. ಹೀಗಿದ್ದರೂ ಇದು ಸಾಲವೇ ಹೊರತು ಸಹಾಯಧನವಲ್ಲ ಎಂಬುದು ನೆನಪಿರಲಿ.

ಜಮೀನಿನಲ್ಲಿರುವ ಮನೆಗೆ ಬ್ಯಾಂಕು ಏಕೆ ಹಿಂಜರಿಯುತ್ತದೆ?

ಕಂತು ನಿಂತಾಗ ಅಡಮಾನದ ಸ್ವತ್ತನ್ನು ನ್ಯಾಯಾಲಯಕ್ಕೆ ಹೋಗದೆ ವಶಕ್ಕೆ ಪಡೆಯುವ ಅಧಿಕಾರವನ್ನು 2002ರ ಸರ್ಫೇಸಿ ಕಾಯಿದೆ ಬ್ಯಾಂಕುಗಳಿಗೆ ಕೊಟ್ಟಿದೆ. ಕೃಷಿ ಭೂಮಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಇದು ರೈತನ ಹೊಲಕ್ಕೆ ರಕ್ಷಣೆ. ಆದರೆ ಭೂಪರಿವರ್ತನೆಯಾಗದ ಜಮೀನಿನಲ್ಲಿ ಕಟ್ಟಿದ ಮನೆಗೆ ಗೃಹ ಸಾಲ ಸಿಗುವುದು ಕಷ್ಟವಾಗಲು ಇದೂ ಒಂದು ಕಾರಣ. ಆದುದರಿಂದ ಗ್ರಾಮಠಾಣಾದ ಒಳಗಿರುವ ಅಥವಾ ಕ್ರಮವಾಗಿ ಭೂಪರಿವರ್ತನೆಯಾದ ಸ್ವತ್ತನ್ನೇ ಆರಿಸಿಕೊಳ್ಳಬೇಕು.

ನೋಡಬೇಕಾದ ದಾಖಲೆಗಳು

1. ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ. ನಮೂನೆ 9 ಮತ್ತು 11ಎ ಇದ್ದರೆ ಒಳ್ಳೆಯದು. ನಮೂನೆ 11ಬಿ ಮಾತ್ರ ಇದ್ದರೆ ಎಚ್ಚರ ಬೇಕು. ತೆರಿಗೆ ಕಟ್ಟಿದ ರಸೀದಿಯಿಂದ ಸ್ವತ್ತು ಸಕ್ರಮವಾಗುವುದಿಲ್ಲ.

2. ಮಾರುವವರ ಹೆಸರಿಗಿರುವ ನೋಂದಾಯಿತ ಕ್ರಯಪತ್ರ, ವಿಭಾಗ ಪತ್ರ ಅಥವಾ ದಾನಪತ್ರ. ಛಾಪಾ ಕಾಗದದ ಮೇಲೆ ಬರೆದುಕೊಂಡ ಕರಾರಿನಿಂದ ಮಾಲೀಕತ್ವ ಬರುವುದಿಲ್ಲ.

3. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ. ಸ್ವತ್ತಿನ ಮೇಲೆ ನೋಂದಣಿಯಾದ ಹಳೆಯ ಅಡಮಾನವಿದ್ದರೆ ಇದರಲ್ಲಿ ಕಾಣುತ್ತದೆ.

4. ಪಿತ್ರಾರ್ಜಿತ ಸ್ವತ್ತಾದರೆ ಹಕ್ಕುದಾರರೆಲ್ಲರ ಸಹಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಮದುವೆಯಾಗಿ ಹೋದ ತಂಗಿಯ ಸಹಿಯನ್ನು ಬಿಟ್ಟರೆ ವ್ಯಾಜ್ಯಕ್ಕೆ ದಾರಿಯಾದೀತು.

5. ಸರ್ಕಾರ ಹಂಚಿದ ನಿವೇಶನವಾದರೆ ಹಕ್ಕುಪತ್ರದ ಷರತ್ತುಗಳು. ಪರಭಾರೆ ಮಾಡಬಾರದೆಂಬ ನಿಬಂಧನೆ ಇದೆಯೇ ಎಂದು ಓದಿಸಿ ತಿಳಿಯಬೇಕು.

2020ರ ಏಪ್ರಿಲ್ 24ರಂದು ಪ್ರಾರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಮೂಲಕ ಊರಿನ ವಾಸಸ್ಥಳಗಳನ್ನು ಅಳತೆ ಮಾಡಿ ಆಸ್ತಿ ಕಾರ್ಡು ಕೊಡಲಾಗುತ್ತಿದೆ. ನಿಮ್ಮ ಊರಿನ ಅಳತೆ ಆಗಿದ್ದರೆ ಆ ಕಾರ್ಡನ್ನೂ ಕೇಳಿ ನೋಡುವುದು ಉತ್ತಮ.

ಕಂತಿನ ಲೆಕ್ಕ

30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇಕಡ 90ಕ್ಕಿಂತ ಹೆಚ್ಚು ಸಿಗುವುದಿಲ್ಲ. ಉಳಿದ ಹಣವನ್ನೂ ಸಾಮಾನ್ಯವಾಗಿ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನೂ ಕೈಯಿಂದಲೇ ಹಾಕಬೇಕು. ಉದಾಹರಣೆಗೆ, 5 ಲಕ್ಷ ರೂಪಾಯಿ ಸಾಲಕ್ಕೆ ಶೇಕಡ 9 ಬಡ್ಡಿ ಎಂದಿಟ್ಟುಕೊಳ್ಳೋಣ. 15 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 5,071 ರೂಪಾಯಿ, ಒಟ್ಟು ಪಾವತಿ ಸುಮಾರು 9.13 ಲಕ್ಷ. 20 ವರ್ಷವಾದರೆ ಕಂತು ಸುಮಾರು 4,499 ರೂಪಾಯಿ, ಒಟ್ಟು ಸುಮಾರು 10.80 ಲಕ್ಷ. ತಿಂಗಳಿಗೆ 572 ರೂಪಾಯಿ ಹಗುರವಾದರೂ ಕೊನೆಗೆ 1.67 ಲಕ್ಷ ಹೆಚ್ಚು ತೆರಬೇಕಾಗುತ್ತದೆ.

ಹಾಲಿನ ಬಟವಾಡೆಯಂತೆ ತಿಂಗಳಿಗೊಮ್ಮೆ ಆದಾಯವಿದ್ದರೆ ಮಾಸಿಕ ಕಂತು ಅನುಕೂಲ. ಆದಾಯವೆಲ್ಲ ಸುಗ್ಗಿಯಲ್ಲೇ ಬರುವವರು, ಅರ್ಧವಾರ್ಷಿಕ ಅಥವಾ ವಾರ್ಷಿಕ ಕಂತಿನ ಏರ್ಪಾಡು ಇದೆಯೇ ಎಂದು ಅರ್ಜಿಗೆ ಮೊದಲೇ ವ್ಯವಸ್ಥಾಪಕರನ್ನು ವಿಚಾರಿಸಬೇಕು. ಮಳೆ ಕೈಕೊಟ್ಟ ವರ್ಷವೂ ಕಟ್ಟಬಲ್ಲಷ್ಟು ಕಂತನ್ನೇ ಒಪ್ಪಿಕೊಳ್ಳುವುದು ಜಾಣತನ. ಬೆಳೆ ಸಾಲದ ಹಣವನ್ನು ಮಾತ್ರ ಗೋಡೆಗೆ ಹಾಕಬಾರದು. ಬಿತ್ತನೆಗೆ ಹಣವಿಲ್ಲದೆ ಹೊಲ ಬೀಳುಬಿದ್ದರೆ ಎರಡು ಸಾಲವೂ ತೀರುವುದಿಲ್ಲ.

ಮಾರುವವರು ಮುಂಗಡಕ್ಕೆ ಒತ್ತಾಯಿಸಿದರೆ, ದಾಖಲೆಗಳ ನಕಲು ಪಡೆದು ಮೊದಲು ವಕೀಲರಿಗೂ ಬ್ಯಾಂಕಿಗೂ ತೋರಿಸಬೇಕು. ಮುಂಗಡ ಕೊಡಲೇಬೇಕಾದರೆ, ಸಾಲ ಮಂಜೂರಾಗದಿದ್ದಲ್ಲಿ ಹಣ ಇಂತಿಷ್ಟು ದಿನದೊಳಗೆ ವಾಪಸು ಬರತಕ್ಕದ್ದೆಂದು ಕರಾರಿನಲ್ಲಿ ಬರೆಸಿ, ಬ್ಯಾಂಕಿನ ಮೂಲಕವೇ ಪಾವತಿ ಮಾಡಬೇಕು. ದಾಖಲೆ ತೋರಿಸಲು ಹಿಂದೆಗೆಯುವವರ ಮನೆ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಬಿಟ್ಟುಬಿಡುವುದೇ ಲೇಸು.