ಸಹನೆಯ ಹೆಸರಿನಲ್ಲಿ



ಕಡೂರು, ತರೀಕೆರೆ, ಅಜ್ಜಂಪುರದ ಸಂಘಗಳಿಂದ ಕೂಲಿ ಬಿಟ್ಟು ಬಂದಿದ್ದೀರಿ. ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ನಮ್ಮ ಸಭೆಯ ಹೆಣ್ಣುಮಗಳೊಬ್ಬಳು ಬಂದು, ವರದಕ್ಷಿಣೆ ಬಾಕಿಗಾಗಿ ಗಂಡ ಹೊಡೆಯುತ್ತಾನೆಂದು ಅತ್ತಳು. "ಸಹಿಸಿಕೋ ಮಗಳೇ, ಅದು ನಿನ್ನ ಶಿಲುಬೆ" ಎಂದು ವಾಪಸು ಕಳಿಸಿದೆ. ತಿಂಗಳೊಳಗೆ ಅವಳ ಕೈ ಮುರಿದಿತ್ತು.

ಅಂದು ಬೈಬಲನ್ನು ಮತ್ತೆ ತೆರೆದೆ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ ಮಾತು ನಮಗೆಲ್ಲ ಬಾಯಿಪಾಠ. ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಅದಕ್ಕೆ ಮುಂಚಿನ ಮಾತೇ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂಬುದು. ಮುಂದೆ, ಗಂಡನು ಹೆಂಡತಿಯನ್ನು ಸ್ವಂತ ಶರೀರದಂತೆ ಪ್ರೀತಿಸಬೇಕೆಂದಿದೆ. ತನ್ನ ಮೈಗೆ ತಾನೇ ದೊಣ್ಣೆ ಬೀಸುವವರುಂಟೆ? ಯೇಸುಸ್ವಾಮಿ ಶಿಲುಬೆಯನ್ನು ತಾವೇ ಒಪ್ಪಿ ಹೊತ್ತರು. ಮತ್ತೊಬ್ಬರ ಬೆನ್ನಿಗೆ ಹೇರಲಿಲ್ಲ.

ಕಾನೂನೂ ತಡವಾಗಿಯೇ ಕಣ್ಣು ತೆರೆಯಿತು. 1869ರ ವಿಚ್ಛೇದನ ಕಾಯ್ದೆಯಡಿ ಕ್ರೈಸ್ತ ಹೆಂಡತಿಗೆ ಬಿಡುಗಡೆ ಪಡೆಯಲು ಗಂಡನ ಕ್ರೌರ್ಯವೊಂದೇ ಸಾಲುತ್ತಿರಲಿಲ್ಲ. 2001ರ ತಿದ್ದುಪಡಿಯ ನಂತರ ಸಾಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಎರಡೂ ಎಲ್ಲ ಧರ್ಮದವರಿಗೂ ಅನ್ವಯಿಸುತ್ತವೆ. ಎರಡನೆಯದು ಹೆಂಡತಿಗೆ ತಾನು ಬಾಳುತ್ತಿರುವ ಮನೆಯಲ್ಲೇ ಉಳಿಯುವ ಹಕ್ಕು ಕೊಟ್ಟಿದೆ. ಸಹಾಯವಾಣಿ 181.

ಕ್ಷಮಿಸುವುದು ದೊಡ್ಡ ಗುಣ. ಆದರೆ ಕ್ಷಮಿಸಿದವಳು ಮತ್ತೆ ಏಟು ತಿನ್ನಬೇಕೆಂದು ಯಾವ ಧರ್ಮವೂ ಹೇಳಕೂಡದು. ಇನ್ನು ಮೇಲೆ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕಕ್ಕೆ ಮುಂಚೆ, ಬಾರದವಳು ಯಾಕೆ ಬಂದಿಲ್ಲವೆಂದು ಕೇಳಿ. ಇಬ್ಬರು ಹೋಗಿ ಅವಳ ಬಾಗಿಲು ತಟ್ಟಿ. ಅಂದು ನಾನು ತಟ್ಟಲಿಲ್ಲ, ನೀವು ತಟ್ಟಿ.