ಊರು ಕಟ್ಟುವ ಕ್ರಮ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಷಟ್‌ಸ್ಥಲವನ್ನಾಗಲಿ ಅಷ್ಟಾವರಣವನ್ನಾಗಲಿ ಕುರಿತು ಮಾತನಾಡಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆ ಬಹುಮಂದಿ ಇರುವರು. ನನಗೆ ಅಪ್ಪಣೆಯಾಗಿರುವುದು ಕೇವಲ ಲೌಕಿಕವಾದ ಒಂದು ವಿಷಯ: ಬೆಳೆಯುತ್ತಿರುವ ನಮ್ಮ ಪಟ್ಟಣಗಳಲ್ಲಿ ವಸತಿಯ ಏರ್ಪಾಡನ್ನು ಪೌರಸಭೆಗಳು ಹೇಗೆ ನಡೆಸಬೇಕೆಂಬುದು. ಮಠಕ್ಕೂ ಮುನಿಸಿಪಾಲಿಟಿಗೂ ಏನು ಸಂಬಂಧವೆಂದು ಕೆಲವರು ಶಂಕಿಸಬಹುದು. ಪಟ್ಟಣದ ಅಂಚಿನ ಹೊಲಗದ್ದೆಗಳ ಒಡೆಯರಲ್ಲಿ ಅನೇಕರು ಮಠದ ಭಕ್ತರು. ಆ ಹೊಲಗಳು ಮನೆದಳಗಳಾದಾಗ ಸಾಲಮಾಡಿ ಕೊಳ್ಳುವವರಲ್ಲಿಯೂ ಅನೇಕರು ಮಠದ ಭಕ್ತರೇ. ಮಾರಿದವನೂ ಕೊಂಡವನೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ಸ್ಥಳದಲ್ಲಿ ಈ ಮಾತನ್ನು ಆಡದೆ ಮತ್ತೆಲ್ಲಿ ಆಡಬೇಕು?

ಊರನ್ನು ಯೋಚಿಸಿ ಕಟ್ಟುವುದಕ್ಕೆ ದೃಷ್ಟಾಂತವನ್ನು ದೂರದೇಶದಿಂದ ತರಬೇಕಾದುದಿಲ್ಲ. ಕಾವೇರಿಯ ದಡದಲ್ಲಿ ಅರ್ಕೇಶ್ವರಸ್ವಾಮಿಯ ಸಾನ್ನಿಧ್ಯದಲ್ಲಿ ಎಡತೊರೆಯೆಂಬ ಪುರಾತನವಾದ ಊರು ಇರುವುದಷ್ಟೆ. ತೀರ್ಥಸ್ನಾನಕ್ಕೆ ಅದು ಪ್ರಶಸ್ತವಾದ ಸ್ಥಳ. ವಾಸಕ್ಕೆ ಮಾತ್ರ ಅಷ್ಟು ಕ್ಷೇಮಕರವಾಗಿರಲಿಲ್ಲ. 1924ನೆಯ ಇಸವಿಯ ಮಳೆಗಾಲದಲ್ಲಿ ಕಾವೇರಿಯು ಹಿಂದೆ ಕಂಡರಿಯದಂತೆ ಉಕ್ಕಿ ಹರಿಯಿತು. ನೆರೆಯ ಬಾಧೆಯೊಡನೆ ಸಾಂಕ್ರಾಮಿಕ ಜಾಡ್ಯಗಳ ಬಾಧೆಯೂ ಸೇರಿ ಪುರಜನರು ಕಂಗೆಟ್ಟರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರದವರು ಮುರಿದ ಗೋಡೆಗಳನ್ನು ಎತ್ತಿಕಟ್ಟಲು ಹಣ ಹಂಚಿ ಸುಮ್ಮನಾಗಲಿಲ್ಲ. ಹೊಸ ನೆಲವನ್ನು ಆರಿಸಿ, ಬೀದಿಗಳನ್ನು ಮೊದಲು ಗೆರೆಯೆಳೆದು, ಮನೆಗಳನ್ನು ಆಮೇಲೆ ಏಳಿಸಿದರು. 1925ರಿಂದ 1930ರ ಒಳಗಾಗಿ ಹೀಗೆ ಮೈದಳೆದ ಪಟ್ಟಣಕ್ಕೆ ಪ್ರಭುಗಳ ಹೆಸರೇ ನಿಂತು ಕೃಷ್ಣರಾಜನಗರವಾಯಿತು. ದೇವರು ಹಳೆಯ ದಡದಲ್ಲಿಯೇ ಉಳಿದನು, ಭಕ್ತರು ಮೇಲಣ ನೆಲಕ್ಕೆ ಬಂದರು; ಇದರಿಂದ ಭಕ್ತಿಗೆ ಕುಂದೇನೂ ಬರಲಿಲ್ಲವೆಂಬುದನ್ನು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಬಲ್ಲ ನಮಗೆ ವಿವರಿಸಬೇಕಾಗಿಲ್ಲ.

ಬೀದಿ ಮೊದಲು, ಮನೆ ಅನಂತರ. ಈ ಆನುಪೂರ್ವಿಯೇ ನನ್ನ ಇಂದಿನ ಅರಿಕೆಯ ಸಾರ. ಮೈಸೂರು ನಗರದಲ್ಲಿ 1898ರಲ್ಲಿ ಪ್ಲೇಗು ತಲೆದೋರಿ, ಇಕ್ಕಟ್ಟಾದ ಕೇರಿಗಳಲ್ಲಿ ಬಹುಜನರನ್ನು ಬಲಿತೆಗೆದುಕೊಂಡ ಬಳಿಕವೇ, 1903ರಲ್ಲಿ ನಗರಾಭಿವೃದ್ಧಿಯ ವಿಶ್ವಸ್ಥ ಮಂಡಲಿಯು ಹುಟ್ಟಿತು. ವಿಪತ್ತಿನ ಪಾಠವಿಲ್ಲದೆ ಮನುಷ್ಯನು ಕಲಿಯಲಾರನೇನೋ!

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿಯನ್ನು ನೋಡೋಣ. ಹುಣಸೂರು 2011ರ ಜನಗಣತಿಯ ವೇಳೆಗೇ 50,000 ಜನರನ್ನು ಮೀರಿ, ಮುಂದೆ ಪುರಸಭೆಯಿಂದ ನಗರಸಭೆಯಾಯಿತು. ಪಿರಿಯಾಪಟ್ಟಣವು ಮಡಿಕೇರಿಯ ಹೆದ್ದಾರಿಯನ್ನು ಹಿಡಿದು ನೀಳವಾಗುತ್ತಿದೆ. ಹೆಗ್ಗಡದೇವನಕೋಟೆಯು ಮಾನಂದವಾಡಿಯ ರಸ್ತೆಯ ಇಕ್ಕೆಲದಲ್ಲಿಯೂ ಚಾಚಿಕೊಳ್ಳುತ್ತಿದೆ. ಹೊಗೆಸೊಪ್ಪಿನ ಹಣ, ಭತ್ತದ ಹಣ, ನೌಕರಿಯ ಉಳಿತಾಯ, ಎಲ್ಲವೂ ಕಡೆಗೆ ನಿವೇಶನವನ್ನೇ ಹುಡುಕಿಕೊಂಡು ಹೋಗುವುದು. ಆದರೆ ಇಲ್ಲಿ ಕೃಷ್ಣರಾಜನಗರದ ಕ್ರಮವು ತಲೆಕೆಳಗಾಗಿದೆ. ಭೂಪರಿವರ್ತನೆಯಿಲ್ಲದ ಹೊಲದಲ್ಲಿ ಸುಣ್ಣದ ಗೆರೆ ಬೀಳುವುದು, ಕಲ್ಲು ನೆಡುವುದು, ಕಾಗದವಾಗುವುದು, ಮನೆ ಏಳುವುದು. ಎಲ್ಲವೂ ಮುಗಿದ ಬಳಿಕ ಚರಂಡಿ ಎಲ್ಲಿ, ನೀರು ಎಲ್ಲಿ ಎಂದು ಜನರು ಪೌರಸಭೆಯ ಬಾಗಿಲನ್ನು ತಟ್ಟುವರು. ಹತ್ತಡಿಯ ಓಣಿಯಲ್ಲಿ ಒಳಚರಂಡಿಯನ್ನು ಅಗೆಯುವ ಇಂಜಿನಿಯರನು ಏನು ಮಾಡಿಯಾನು? 2025ರಲ್ಲಿ ರಾಜ್ಯ ಸರ್ಕಾರದವರು ಇಂತಹ ಅನಧಿಕೃತ ಸ್ವತ್ತುಗಳಿಗೆ ‘ಬಿ’ ಖಾತೆ ಕೊಡುವ ಆಂದೋಲನವನ್ನೇ ನಡೆಸಬೇಕಾಯಿತು. ಕಂದಾಯ ಕಟ್ಟುವ ದಾರಿಯೊಂದು ದೊರೆತುದು ಸಂತೋಷವೇ. ಆದರೆ ಖಾತೆಯಿಂದ ಓಣಿಯು ಅಗಲವಾಗುವುದಿಲ್ಲ, ಮಕ್ಕಳಿಗೆ ಆಟದ ಬಯಲು ಹುಟ್ಟುವುದಿಲ್ಲ.

ಕಾಯಿದೆ ಇಲ್ಲವೆಂದಲ್ಲ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು 1961ನೆಯ ಇಸವಿಯದು, ಪೌರಸಭೆಗಳ ಕಾಯಿದೆಯು 1964ರದು. ಬಡಾವಣೆ ಮಾಡುವವನು ರಸ್ತೆಗೂ ಉದ್ಯಾನಕ್ಕೂ ಸಾರ್ವಜನಿಕ ಸೌಕರ್ಯಕ್ಕೂ ನೆಲವನ್ನು ಬಿಟ್ಟು, ರಸ್ತೆ ಉದ್ಯಾನಗಳನ್ನು ಬೆಲೆಯಿಲ್ಲದೆ ಸ್ಥಳೀಯ ಸಂಸ್ಥೆಗೆ ಒಪ್ಪಿಸತಕ್ಕದ್ದೆಂಬುದು ವಿಧಿ. ಇದನ್ನು ನಷ್ಟವೆಂದು ಎಣಿಸುವ ಭೂಮಾಲೀಕರಿಗೆ ನಾನು ವಿನಯಪೂರ್ವಕವಾಗಿ ಕೇಳುವುದೇನೆಂದರೆ: ಜಾತ್ರೆಯ ದಿನ ನೂರು ಮೂಟೆ ಅಕ್ಕಿಯನ್ನು ಅರ್ಪಿಸಿ ದಾಸೋಹವೆನ್ನುವ ನಾವು, ನೂರು ವರ್ಷ ಬಾಳುವ ಬೀದಿಗೆ ನಾಲ್ಕು ಗುಂಟೆ ಬಿಡುವುದನ್ನು ಏಕೆ ದಾಸೋಹವೆನ್ನಬಾರದು?

ನೀರಿನ ದಾರಿಯ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. 2019ರ ಆಗಸ್ಟ್ ಮಾಸದಲ್ಲಿ ಲಕ್ಷ್ಮಣತೀರ್ಥವು ಉಕ್ಕಿ ಹುಣಸೂರಿನ ತಗ್ಗು ಪ್ರದೇಶಗಳಿಗೆ ನುಗ್ಗಿದುದನ್ನು ನೀವೇ ಕಂಡಿದ್ದೀರಿ. ನದಿಯು ಯಾರ ಮೇಲೂ ದಂಡೆತ್ತಿ ಬರಲಿಲ್ಲ. ತಾನು ಹಿಂದಿನಿಂದ ಹರಿಯುತ್ತಿದ್ದ ತಗ್ಗಿಗೆ ಮರಳಿತು, ಅಷ್ಟೆ. ಎಡತೊರೆಯವರು ನದಿಯಿಂದ ಹಿಂದೆ ಸರಿದರು. ಒಂದು ಶತಮಾನ ಕಳೆಯುವುದರೊಳಗೆ ನಾವು ಕೆರೆಯಂಗಳ ರಾಜಕಾಲುವೆಗಳ ಕಡೆಗೆ ಮುಂದೆ ನಡೆಯುತ್ತಿದ್ದೇವೆ. ಹೀಗೆ ತಗ್ಗಿನಲ್ಲಿ ಮನೆ ಕಟ್ಟುವವನು ಸಾಮಾನ್ಯವಾಗಿ ಬಡವನು. ಎತ್ತರದ ನೆಲದ ಬೆಲೆ ಅವನ ಕೈಗೆ ಎಟುಕುವುದಿಲ್ಲ. ಆದುದರಿಂದ ಪೌರಸಭೆಯ ನಕ್ಷೆಯಲ್ಲಿ ಗಾರೆಕೆಲಸದವನಿಗೂ ಜಾಡಮಾಲಿಗೂ ಮೇಡಿನ ಮೇಲೆಯೇ ನೆಲ ಕಾದಿರಿಸಲ್ಪಡಬೇಕು. ನಿವೇಶನರಹಿತರಿಗೆ ನಿವೇಶನ ಹಂಚುವ ಕಾರ್ಯವು 1970ರ ದಶಕದಲ್ಲಿ ರಾಜ್ಯದಲ್ಲಿ ಬಿರುಸಾಗಿ ನಡೆದಾಗ ಮುಖ್ಯಮಂತ್ರಿಗಳಾಗಿದ್ದವರು ಇದೇ ಹುಣಸೂರು ಸೀಮೆಯ ದೇವರಾಜ ಅರಸರೆಂಬುದನ್ನು ಈ ಪ್ರಾಂತದವರಾದರೂ ಮರೆಯಲಾಗದು.

ಪಟ್ಟಣದ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲಹೆಗಳನ್ನು ಆಹ್ವಾನಿಸುವ ಪದ್ಧತಿಯುಂಟು. ನಕ್ಷೆಯು ಕಚೇರಿಯ ಗೋಡೆಯಲ್ಲಿ ತೂಗುವುದು, ವಾಯಿದೆ ಕಳೆಯುವುದು, ಯಾರೂ ನೋಡರು. ಪೂಜ್ಯ ಶ್ರೀಗಳವರಲ್ಲಿ ನನ್ನ ಪ್ರಾರ್ಥನೆ ಒಂದೇ. ಅಂತಹ ಕರಡಿನ ಪ್ರತಿಯೊಂದನ್ನು ಈ ದಾಸೋಹಮಂದಿರದ ಗೋಡೆಗೆ ತೂಗುಹಾಕಿಸಿ, ಹುಣ್ಣಿಮೆಯ ದಿನ ಪ್ರಸಾದವಾದ ಮೇಲೆ ಬಲ್ಲವರೊಬ್ಬರಿಂದ ಓದಿಸಿ ಹೇಳಿಸಲು ಅಪ್ಪಣೆ ಕೊಡಿಸಬೇಕು. ಯಾವ ಗೆರೆ ರಸ್ತೆ, ಯಾವುದು ಕಾಲುವೆ, ತನ್ನ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ಎಂಬುದನ್ನು ಒಕ್ಕಲಿಗನು ಅಲ್ಲಿಯೇ ಕೇಳಿ ತಿಳಿದುಕೊಳ್ಳಲಿ. ಅರ್ಜಿ ಬರೆಯಬಲ್ಲ ವಿದ್ಯಾರ್ಥಿಗಳು ಶ್ರೀಮಠದ ನಿಲಯದಲ್ಲಿಯೇ ಇರುವರು.