ದುಃಖಕ್ಕೊಂದು ಖಾನೆ

ಚಿಗರಿ ಬಸ್ಸಿನ್ಯಾಗ ಇಯರ್‌ಫೋನ್ ಹಾಕ್ಕೊಂಡು ಕೂತೋರಿಗೆ ಒಂದು ಪ್ರಶ್ನೆ. ‘ಇವನ್ನ ಧಾರವಾಡಕ್ಕ ಸೇರಸ್ರಪ್ಪಾ’ ಅಂತ ಎಷ್ಟು ಸಲ ನಕ್ಕೀರಿ? ಕಾಲೇಜಿನ್ಯಾಗ ನಾನೂ ಅಂದೀನಿ. ಎದುರಿಗಿದ್ದ ಗೆಳೆಯ ನಗಲಿಲ್ಲ. ಅವನ ತಾಯಿ ಆಗ ಮಾನಸಿಕ ಕಾಯಿಲೆಗೆ ಚಿಕಿತ್ಸೆ ತಗೊಳ್ತಿದ್ರು ಅಂತ ಆಮ್ಯಾಲೆ ಗೊತ್ತಾತು.

ಆ ಜೋಕಿನ ಹಿಂದಿರೋದು ಇವತ್ತಿನ ಡಿಮ್ಹಾನ್ಸ್. 1845ರಲ್ಲಿ ಬ್ರಿಟಿಷರ ಕಾಲದಲ್ಲಿ ಶುರುವಾದ ಆಸ್ಪತ್ರೆ. ಧಾರವಾಡ ಆಗ ಮುಂಬೈ ಪ್ರಾಂತ್ಯದ ಭಾಗ. ಹಂಗಾಗಿ ಪ್ರಾಂತ್ಯದ ವಾರ್ಷಿಕ ವರದಿಗಳಲ್ಲಿ ಕೊಲಾಬಾ, ರತ್ನಾಗಿರಿ ಜೊತೆ ನಮ್ಮೂರಿನ ಸಾಲೂ ಬರುತ್ತೆ. ಅಂಥ ವರದಿಗಳನ್ನ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಸ್ಕ್ಯಾನ್ ಮಾಡಿ ನೆಟ್‌ನಲ್ಲಿ ಇಟ್ಟದ. ಮೊಬೈಲ್‌ನಾಗೇ ಓದಬಹುದು.

ತೆಗೆದ್ರ ಕೋಷ್ಟಕದ ಮ್ಯಾಲೆ ಕೋಷ್ಟಕ. ಎಷ್ಟು ಜನ ಬಂದ್ರು, ಎಷ್ಟು ಜನ ಗುಣ ಆದ್ರು, ಎಷ್ಟು ಜನ ಸತ್ರು. ವಯಸ್ಸು, ಧರ್ಮ, ಕಸುಬು. ಕಾಯಿಲೆಗೆ ಕಾರಣ ಅಂತ ಬ್ಯಾರೆ ಪಟ್ಟಿ. ಅದ್ರಾಗ ಗಾಂಜಾಕ್ಕೊಂದು ಖಾನೆ, ದುಃಖಕ್ಕೊಂದು ಖಾನೆ. ಯಾರನ್ನ ಕಳ್ಕೊಂಡ ದುಃಖ? ಬರೇ ಅಂಕಿ ಅದ.

ಕತೆ ಬರೆಯೋರಿಗೆ, ನಾಟಕದವರಿಗೆ, ನಮ್ಮಂಥ ಪಾಡ್‌ಕಾಸ್ಟ್‌ನವರಿಗೆ ಕೈ ಕೆರೆಯೋದು ಇಲ್ಲೇ. ನಾನೂ ಒಂದು ದೃಶ್ಯ ಬರೆದೆ. ಕತ್ತಲೆ ಕೋಣೆ, ಸರಪಳಿ, ಒಬ್ಬಾಕಿ ಚೀರ್ತಾಳ. ಮರುದಿನ ಓದಿದ್ರ ನನಗ ನಾಚಿಕೆ ಆತು. ಆ ಸರಪಳಿ ಬಂದಿದ್ದು ನಾನು ಓದಿದ ಪುಟದಿಂದಲ್ಲ, ನೋಡಿದ ಸಿನಿಮಾದಿಂದ. ಡಿಲೀಟ್ ಮಾಡಿದೆ.

ಅಮೆರಿಕದಾಗ ಇದಕ್ಕಿಂತ ಚಲೋ ಕೆಲಸ ಆಗೇದ. ನ್ಯೂಯಾರ್ಕ್ ರಾಜ್ಯದ ವಿಲರ್ಡ್ ಮಾನಸಿಕ ಆಸ್ಪತ್ರೆ 1995ರಲ್ಲಿ ಮುಚ್ಚೋ ಹೊತ್ತಿಗೆ ಅಟ್ಟದ ಮ್ಯಾಲೆ ರೋಗಿಗಳ ಸುಮಾರು 400 ಸೂಟ್‌ಕೇಸ್ ಸಿಕ್ಕವು. ಜಾನ್ ಕ್ರಿಸ್ಪಿನ್ ಅನ್ನೋ ಫೋಟೋಗ್ರಾಫರ್ ಅವುಗಳ ಚಿತ್ರ ತೆಗೆದ. ಅದ್ರಾಗ ಕಾಣೋದು ಹುಚ್ಚಲ್ಲ. ಮಡಚಿಟ್ಟ ಬಟ್ಟೆ, ಪತ್ರ, ಫೋಟೋ. ವಾಪಸ್ ಹೋಗ್ತೀನಿ ಅಂದ್ಕೊಂಡೋರು ತುಂಬಿದ ಚೀಲ.

ನಮ್ಮ ಕೈಯಾಗ ಇರೋದು ಕೋಷ್ಟಕ ಒಂದೇ. ಅದಕ್ಕೇ ಅದನ್ನೇ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡೀವಿ. ಪ್ರತಿ ಸಾಲು ಮುಗಿದ ಮ್ಯಾಲೆ ವರದಿ ಕೇಳದ ಒಂದು ಪ್ರಶ್ನೆ ಸೇರಿಸೀವಿ: ಇವರನ್ನ ಯಾರು ಕರ್ಕೊಂಡು ಬಂದ್ರು? ಉತ್ತರ ಕಟ್ಟಿ ಹೇಳಿಲ್ಲ. ಈಗ ಚಿಕಿತ್ಸೆಯಲ್ಲಿರೋರ ಹತ್ರ ಮೈಕ್ ಒಯ್ದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅವರ ಒಪ್ಪಿಗೆ ಇಲ್ಲದೆ ಅವರ ಮಾಹಿತಿ ಮಾಧ್ಯಮಕ್ಕೆ ಕೊಡಂಗಿಲ್ಲ. ಕಾಯ್ದೆ ಇರದಿದ್ರೂ ನಾವು ಹೋಗ್ತಿರಲಿಲ್ಲ ಬಿಡ್ರಿ.

ಹಿನ್ನೆಲೆಗೆ ಪಿಟೀಲು ಹಾಕಿದ್ವಿ. ಆ ನಗದ ಗೆಳೆಯಗ ಮೊದಲು ಕಳಿಸಿದೆ. ಪೂರಾ ಕೇಳಿ, ‘ಪಿಟೀಲು ತೆಗಿ’ ಅಂದ.

ತೆಗೆದೀವಿ. ಈಗ ಕೇಳ್ರಿ.